ಐದನೆಯ ಕುರ್ಚಿ

ಎಲಿಸೇಯೊಗೆ ತನ್ನ ಮನೆಯ ಊಟದ ಮೇಜಿನ ಮುಂದೆ ಕುರ್ಚಿ ಇರಲಿಲ್ಲ.

ಇಪ್ಪತ್ತಾರು ವರ್ಷ ಅದು ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಅವನು ಸರಕು ಹಡಗಿನ ಡೆಕ್ಕಿನಲ್ಲಿ ಖಲಾಸಿಗಳ ಮೇಸ್ತ್ರಿ. ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಗಿಂಬಾಲ್ ಎಂಬ ಊರಿನ ಮನೆಯಲ್ಲಿ. ಆ ಎರಡು ತಿಂಗಳ ಮಟ್ಟಿಗೆ ಅಂಗಳದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಒಳಗೆ ತಂದು ಹಾಕುತ್ತಿದ್ದರು. ಅವನು ಹಡಗು ಹತ್ತಿದ ಮೇಲೆ ಅದು ಅಂಗಳಕ್ಕೆ ವಾಪಸು. ಮೇಜಿನ ಸುತ್ತ ಮರದ ಕುರ್ಚಿಗಳು ನಾಲ್ಕೇ: ಹೆಂಡತಿ ಲೂದಿವಿನಾ, ಅಂದರೆ ಲೂದಿಯದು ಒಂದು, ಅವಳ ತಾಯಿ ಕೊನ್ಸೋರ್ಸಿಯಾಳದು ಒಂದು, ಮಗಳು ಜೊವೆಲಿನ್‌ದು ಒಂದು, ಮಗಳ ಗಂಡ ರೋಮೆಲ್‌ನದು ಒಂದು.

ಈ ಸಲ ಮನಿಲಾದ ಡಾಕ್ಟರು ಅವನ ರಕ್ತದೊತ್ತಡ ಮತ್ತೆ ಮತ್ತೆ ಅಳೆದು, ಇನ್ನು ಸಮುದ್ರ ಬೇಡ ಎಂದು ಬರೆದುಕೊಟ್ಟರು. ಎಲಿಸೇಯೊ ಎರಡು ಸೂಟ್‌ಕೇಸು, ಒಂದು ಹೆಲ್ಮೆಟ್ಟು ಮತ್ತು ಒಂದು ಚೀಲ ತುಂಬ ಕೈಗವಸು ಹಿಡಿದುಕೊಂಡು ಮನೆಗೆ ಬಂದ. ಆ ರಾತ್ರಿ ಊಟಕ್ಕೆ ತೊಗರಿಕಾಳು, ಹಂದಿ ಮಾಂಸ, ಎಳೆ ಹಲಸು ಹಾಕಿದ ಹುಳಿ ಸಾರು. ಪ್ಲಾಸ್ಟಿಕ್ ಕುರ್ಚಿ ಉಳಿದವುಗಳಿಗಿಂತ ನಾಲ್ಕು ಬೆರಳು ತಗ್ಗು. ಮೇಜಿನ ಅಂಚು ಅವನ ಎದೆಗೆ ಬಂತು.

"ನಮ್ಮ ಅಳಿಯ ಬಾವಿಯೊಳಗಿಂದ ಊಟ ಮಾಡೋ ಹಾಗಿದೆ" ಎಂದಳು ಮುದುಕಿ ಕೊನ್ಸೋರ್ಸಿಯಾ.

ರೋಮೆಲ್ ಎದ್ದು ನಿಂತ. "ಮಾವ, ನೀವು ಇಲ್ಲಿ ಕೂತ್ಕೊಳ್ಳಿ."

"ಬೇಡಪ್ಪ, ಇರಲಿ" ಎಂದ ಎಲಿಸೇಯೊ. ರೋಮೆಲ್ ಇನ್ನೊಂದು ಸಲ ಕರೆಯದೆ ಕೂತುಬಿಟ್ಟ. ಅದನ್ನು ಲೂದಿ ಗಮನಿಸಿದಳು. ತಾನು ಎದ್ದು ಜಾಗ ಕೊಡಬೇಕೆಂದು ಅವಳಿಗೂ ಹೊಳೆಯಲಿಲ್ಲ.

ಲೂದಿಗೆ ಅವನು ಬಂದದ್ದು ಬೇಸರವೇನಲ್ಲ. ಆದರೆ ಅವಳ ದಿನಕ್ಕೆ ಒಂದು ಓಟವಿತ್ತು. ನಸುಕಿನಲ್ಲಿ ಎದ್ದು, ರಾತ್ರಿ ನೆನೆಹಾಕಿದ ಅಂಟಕ್ಕಿಯನ್ನು ತೆಂಗಿನ ಹಾಲಿನಲ್ಲಿ ಕಲಸಿ, ಎಳೆ ತೆಂಗಿನ ಗರಿಯ ಸುರುಳಿಗಳೊಳಗೆ ತುಂಬಿ, ಹಿತ್ತಲ ಅಡಿಗೆಮನೆಯ ಸೌದೆ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಬೇಯಿಸುತ್ತಿದ್ದಳು. ಅದೇ ಇಬೋಸ್. ಗಿಂಬಾಲಿನ ಸಂತೆಯಲ್ಲಿ ಲೂದಿಯ ಇಬೋಸ್‌ಗೆ ಹೆಸರಿತ್ತು. ಒಂದು ಗರಿಯನ್ನು ಬೆರಳ ತುದಿಗೆ ಸುತ್ತಿ ಕೊಳವೆ ಮಾಡುವುದು ಅವಳಿಗೆ ಒಂದು ಉಸಿರಿನ ಕೆಲಸ. ಕಣ್ಣು ಬೇಕಿರಲಿಲ್ಲ. ಗರಿಯ ಬಿಗಿ ಎಷ್ಟೆಂದು ಬೆರಳಿಗೇ ಗೊತ್ತಿತ್ತು.

ಎಲಿಸೇಯೊಗೆ ಮನೆಯಲ್ಲಿ ಕೆಲಸ ಸಿಗಲಿಲ್ಲ. ಮೊದಲ ವಾರ ಅಡಿಗೆಮನೆಯ ಚಾಕುಗಳನ್ನು ಉದ್ದದ ಪ್ರಕಾರ ಜೋಡಿಸಿದ. ಎರಡನೇ ವಾರ ಪ್ರತಿ ಬೆಳಿಗ್ಗೆ ಪೈಪು ಹಿಡಿದು ಹಿತ್ತಲ ಅಡಿಗೆಮನೆಯ ನೆಲವನ್ನು ಡೆಕ್ ತೊಳೆದ ಹಾಗೆ ತೊಳೆದ. ಸೌದೆ ಎಲ್ಲ ಒದ್ದೆ.

"ಇದು ಹಡಗಲ್ಲ ಮಾರಾಯ!" ಎಂದು ಲೂದಿ ಕೂಗಿದಳು. "ಸೌದೆ ನೆನೆಸಿಟ್ರೆ ನಿನ್ನ ತಲೆ ಹಚ್ಚಿ ಬೇಯಿಸ್ಲಾ?"

"ನೆಲ ಜಾರ್ತಾ ಇತ್ತು. ಅಪಾಯ."

"ಇಪ್ಪತ್ತಾರು ವರ್ಷದಿಂದ ಜಾರ್ತಾ ಇದೆ. ನಾನು ಬಿದ್ದಿದ್ದೀನಾ?"

"ಬೀಳೋವರೆಗೂ ಯಾರೂ ಬಿದ್ದಿರಲ್ಲ" ಎಂದ ಅವನು. ಹಡಗಿನ ಸುರಕ್ಷತಾ ಪಾಠದಲ್ಲಿ ಹೇಳುವ ಮಾತು ಅದು. ಲೂದಿ ಪೈಪು ಕಿತ್ತುಕೊಂಡು ನಲ್ಲಿ ನಿಲ್ಲಿಸಿದಳು.

ಒಂದು ಭಾನುವಾರ, ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಾಗ, ಅವನು ಚಮಚ ಕೆಳಗಿಟ್ಟು ಹೇಳಿದ: "ನಾನೊಂದು ಕುರ್ಚಿ ಮಾಡ್ತೀನಿ."

"ಕೊಂಡ್ಕೊಂಡ್ರೆ ಆಗಲ್ವಾ ಅಪ್ಪ?" ಎಂದಳು ಜೊವೆಲಿನ್. ಅವಳು ನಗರದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೇಕಾದದ್ದಕ್ಕೆಲ್ಲ ಅಂಗಡಿ ಇದೆ ಎಂಬುದು ಅವಳ ನಂಬಿಕೆ.

"ಕೊಂಡ್ರೆ ಇವುಗಳ ಜೊತೆ ಹೊಂದಲ್ಲ. ನಾನೇ ಮಾಡ್ತೀನಿ. ಹಡಗಲ್ಲಿ ಬಿಡುವಾದಾಗೆಲ್ಲ ಫೋನಲ್ಲಿ ಅದನ್ನೇ ನೋಡ್ತಿದ್ದೆ. ಕೈಯಲ್ಲಿ ಮಷಿನ್ ಇದ್ರೆ ಕಷ್ಟ ಏನಿಲ್ಲ."

"ನೋಡೋಕೇನು" ಎಂದಳು ಮುದುಕಿ. "ನಾನು ದಿನಾ ವಿಮಾನ ನೋಡ್ತೀನಿ."

ಆದರೆ ಮರವನ್ನು ಕೊಟ್ಟವಳೂ ಅವಳೇ. ಮನೆಯ ಕೆಳಗೆ, ಗಾರೆಯ ಕಂಬಗಳ ನಡುವೆ, ಮೊಲಾವೆ ಮರದ ಆರು ಹಲಗೆಗಳಿದ್ದವು. ಹಳೆಯ ಮನೆಯ ನೆಲಹಾಸು ಕಿತ್ತಾಗ ಅವಳ ಗಂಡ ಆರಿಸಿ ಎತ್ತಿಟ್ಟದ್ದು, ಅವಳ ಶವಪೆಟ್ಟಿಗೆಗೆಂದು. ಗೆದ್ದಲು ಮುಟ್ಟದ ಮರ.

"ಅದು ನಿಮ್ಮ..." ಎಂದು ಎಲಿಸೇಯೊ ತಡವರಿಸಿದ.

"ನಂಗೆ ಜೊವೆಲಿನ್ ಕಂತು ಕಟ್ಟಿ ಬಿಳೀ ಪೆಟ್ಟಿಗೆ ಬುಕ್ ಮಾಡಿದಾಳೆ. ಗಾಜಿನ ಕಿಟಕಿ ಬೇರೆ ಇದೆಯಂತೆ. ತಗೋ ನೀನು. ನನ್ನ ಪೆಟ್ಟಿಗೆ ಮೇಲೆ ಕೂತು ಅನ್ನ ತಿನ್ನು."

ಎಲ್ಲರೂ ನಕ್ಕರು. ಎಲಿಸೇಯೊ ಕೂಡ ನಕ್ಕ.

ಮರುದಿನ ಅವನೂ ರೋಮೆಲ್ಲೂ ನಗರಕ್ಕೆ ಹೋದರು. ಡ್ರಿಲ್ಲು, ಮರ ಉಜ್ಜುವ ಮಷಿನ್ನು ಹೊಸವು, ಡಬ್ಬ ಒಡೆಯದ್ದು. ಮೇಜಿನಂಥ ದೊಡ್ಡ ಗರಗಸ ಮಾತ್ರ ಜಪಾನಿನ ಹಳೇ ಸಾಮಾನು ಮಾರುವ ಗೋದಾಮಿನದು. ಮೇಜಿನ ನಡುವಿನ ಸೀಳಿನಿಂದ ಊಟದ ತಟ್ಟೆಯಷ್ಟು ಅಗಲದ ಹಲ್ಲಿನ ಚಕ್ರ ಮೇಲೆದ್ದು ತಿರುಗುತ್ತದೆ, ಹಲಗೆಯನ್ನು ಅದರತ್ತ ತಳ್ಳಬೇಕು. ನೂರು ವೋಲ್ಟಿನದು. ಅದಕ್ಕೆಂದು ಇಟ್ಟಿಗೆಗಿಂತ ಭಾರದ ಟ್ರಾನ್ಸ್‌ಫಾರ್ಮರ್ ಬೇರೆ. ಎಲ್ಲವನ್ನೂ ಜನ ಸಾಗಿಸುವ ಜೀಪ್ನಿಯ ಮೇಲೆ ಹಗ್ಗ ಕಟ್ಟಿ ತಂದರು. ಹಗ್ಗದ ಗಂಟು ನೋಡಿ ಜೀಪ್ನಿಯ ಡ್ರೈವರ್ ಭಲೇ ಎಂದನಂತೆ. ರೋಮೆಲ್ ಬಂದು ಹೇಳಿದ.

"ಎಲ್ಲಿಡ್ತೀಯಾ ಇದನ್ನ?" ಎಂದು ಲೂದಿ ಕೇಳಿದಳು, ಉತ್ತರ ಗೊತ್ತಿದ್ದೂ.

"ಹಿತ್ತಲ ಅಡಿಗೆಮನೇಲಿ. ಸೂರಿದೆ, ನೆಲ ಗಟ್ಟಿ, ಕರೆಂಟಿದೆ."

"ಅಲ್ಲಿ ನಾನಿದೀನಿ."

"ನಿನಗೆ ಮುಂದಿನ ಅಡಿಗೆಮನೆ ಕಟ್ಟಿಸಿದೀನಲ್ಲ! ಟೈಲ್ಸು, ಗ್ಯಾಸು, ಎಲ್ಲಾ. ಎಂಟು ವರ್ಷ ಆಯ್ತು. ಅದರ ಸ್ಟಿಕ್ಕರ್ ಕೂಡ ಕಿತ್ತಿಲ್ಲ ನೀನು."

ಅದು ನಿಜವೇ. ಮುಂದಿನ ಅಡಿಗೆಮನೆ ಬಂದವರಿಗೆ ತೋರಿಸುವುದಕ್ಕೆ. ಅಲ್ಲಿ ಕಾಫಿಗೆ ನೀರು ಕಾಯಿಸುವುದು ಬಿಟ್ಟರೆ ಬೇರೆ ಕೆಲಸ ನಡೆಯುತ್ತಿರಲಿಲ್ಲ.

"ಗ್ಯಾಸಿನ ಮೇಲೆ ಹಂಡೆ ಇಟ್ಟು ಮೂರು ಗಂಟೆ ಉರಿಸಿದ್ರೆ ಇಬೋಸ್ ಮಾರಿದ ದುಡ್ಡು ಗ್ಯಾಸಿನವನಿಗೇ ಹೋಗುತ್ತೆ. ನಿಂಗೇನು ಗೊತ್ತು?"

"ಹಾಗಾದ್ರೆ ಮಾರ್ಬೇಡ. ಯಾರು ಮಾರು ಅಂದ್ರು? ನಾನು ದುಡ್ಡು ಕಳಿಸಿಲ್ವಾ?"

"ಕಳಿಸಿದೀಯ. ದುಡ್ಡು ಬಂತು. ಅದರ ಜೊತೆ ಮಾತಾಡೋಕೆ ಆಗ್ತಿತ್ತಾ? ಸಂತೇಲಿ ನಾಲ್ಕು ಜನ ಮಾತಾಡಿಸ್ತಾರೆ ನನ್ನ."

ಕೊನೆಗೆ ಜೊವೆಲಿನ್ ನಡುವೆ ಬಂದು ರಾಜಿ ಮಾಡಿಸಿದಳು. ಅಡಿಗೆಮನೆಯ ನಡುವೆ ಟಾರ್ಪಾಲಿನ್ ಪರದೆ. ಒಲೆಯ ಕಡೆ ಅಮ್ಮನದು, ಬಾಗಿಲ ಕಡೆ ಅಪ್ಪನದು. ಬೆಳಿಗ್ಗೆ ಹತ್ತರವರೆಗೆ ಮಷಿನ್ ಮುಟ್ಟುವಂತಿಲ್ಲ, ಹತ್ತರ ಮೇಲೆ ಅಮ್ಮ ಗೊಣಗುವಂತಿಲ್ಲ.

ಎಲಿಸೇಯೊ ಮೊದಲು ಮಾಡಿದ್ದು ಮೂರು ಮೊಳೆ ಹೊಡೆದು ಹೆಲ್ಮೆಟ್ಟು, ಕನ್ನಡಕ, ಕೈಗವಸು ನೇತುಹಾಕಿದ್ದು. "ಇವಿಲ್ಲದೆ ಪರದೆಯ ಈಚೆ ಯಾರೂ ಕಾಲಿಡಬಾರದು" ಎಂದ. ಹಡಗಿನ ಕೈಗವಸುಗಳು, ದಪ್ಪ ಬಟ್ಟೆ, ಅಂಗೈಗೆ ಚರ್ಮ. ಎಲ್ಲವೂ ಅವನ ಕೈಯ ಅಳತೆಯವು.

"ಮಾವ, ನಮ್ಮ ಆಫೀಸಿನ ಹತ್ತಿರ ಬಾಗಿಲು ಮಾಡೋ ಬಡಗಿಗಳು ಬರಿಗೈಲೇ ಇರ್ತಾರಪ್ಪ" ಎಂದ ರೋಮೆಲ್. ಅವನು ವಿದ್ಯುತ್ ಸಹಕಾರ ಸಂಘದ ಮೀಟರ್ ಓದುವವನು. ಊರಿನ ಎಲ್ಲ ಅಂಗಳಗಳನ್ನೂ ಕಂಡವನು.

"ಅವರಲ್ಲಿ ಎಷ್ಟು ಜನಕ್ಕೆ ಹತ್ತು ಬೆರಳಿದೆ?"

"ಎಣಿಸಿಲ್ಲ."

ಎಲಿಸೇಯೊ ಎರಡೂ ಕೈ ಅಗಲಿಸಿ ತೋರಿಸಿದ. "ನನ್ನದು ಎಣಿಸು. ಉಕ್ಕಿನ ಹಗ್ಗ, ಸರಪಳಿ, ರಾಟೆ, ಇಪ್ಪತ್ತಾರು ವರ್ಷ. ಹತ್ತಕ್ಕೆ ಹತ್ತು. ಯಾಕೆ? ಗವಸು. ಮತ್ತೆ ಇದನ್ನ ನೋಡು." ಗರಗಸದ ಪಕ್ಕಕ್ಕೆ ಅಂಟಿಸಿದ್ದ ಚೀಟಿಯನ್ನು ತೋರಿಸಿದ. ಬರಹವೆಲ್ಲ ಜಪಾನಿ. ಆದರೆ ಮೂರು ಚಿತ್ರಗಳಿದ್ದವು: ಕನ್ನಡಕ ಹಾಕಿದ ಮುಖ, ಕಿವಿ ಮುಚ್ಚಿದ ತಲೆ, ಒಂದು ಕೈಗವಸು. "ಜಪಾನಿನವರೂ ಹೇಳ್ತಾ ಇದಾರೆ."

ರೋಮೆಲ್ ಬಗ್ಗಿ ನೋಡಿದ. "ಆ ಎರಡು ನೀಲಿ ಇದೆ. ಇದು ಬಿಳಿ ಇದೆಯಲ್ಲ?"

"ಗೋದಾಮಿನ ಅಂಗಳದಲ್ಲಿ ಬಿಸಿಲಿಗಿಟ್ಟಿದ್ರು. ಬಣ್ಣ ಹೋಗಿದೆ."

ಪರದೆಯ ಆಚೆಯಿಂದ ಲೂದಿ ಇದನ್ನೆಲ್ಲ ಕೇಳಿಸಿಕೊಂಡಳು. ಈ ಒಂದು ವಿಷಯದಲ್ಲಿ ಅವಳಿಗೆ ಅವನ ಮೇಲೆ ಭರವಸೆಯಿತ್ತು. ಓರಗೆಯವರ ಗಂಡಂದಿರು ಕೆಲವರು ಪೆಟ್ಟಿಗೆಯಲ್ಲಿ ಮನೆಗೆ ಬಂದಿದ್ದರು. ಇವನು ಪ್ರತಿ ಸಲವೂ ನಡೆದುಕೊಂಡೇ ಬಂದಿದ್ದ.

ಮೊದಲ ದಿನ ಗರಗಸಕ್ಕೆ ಕೊಟ್ಟ ಹಲಗೆಯ ಅಂಚು ಸುಟ್ಟು ಕರಿಯಾಯಿತು. ಮೊಲಾವೆ ಗಟ್ಟಿ ಮರ, ಅವನು ತಳ್ಳಿದ್ದು ನಿಧಾನ. ಎರಡನೇ ದಿನ ಜೋರಾಗಿ ತಳ್ಳಿದ. ಚಕ್ರ ಸಿಕ್ಕಿಕೊಂಡು ಒಂದು ತುಂಡು ಬಾಣದ ಹಾಗೆ ಹಾರಿ, ಪರದೆ ಹರಿದುಕೊಂಡು ಹೋಗಿ, ಹಂಡೆಯ ಮುಚ್ಚಳಕ್ಕೆ ಬಡಿಯಿತು. ಲೂದಿ ಸಂತೆಗೆ ಹೋಗಿದ್ದಳು. ಬಂದು ನೋಡಿದರೆ ಮುಚ್ಚಳ ತಗ್ಗುಬಿದ್ದಿತ್ತು, ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಕೂತಿದ್ದಳು.

"ಯುದ್ಧದಲ್ಲೂ ಇಷ್ಟು ಹೆದರಿರಲಿಲ್ಲ ಕಣೇ" ಎಂದಳು ಮುದುಕಿ.

"ಯುದ್ಧದಲ್ಲಿ ನೀನು ಹುಟ್ಟಿರಲಿಲ್ಲ ಅಮ್ಮ."

"ಅದಕ್ಕೇ ಹೆದರಿರಲಿಲ್ಲ."

ಎಲಿಸೇಯೊ ಕಲಿತ. ಮರಕ್ಕೆ ಒಂದು ವೇಗವಿದೆ, ಚಕ್ರದ ದನಿ ತಗ್ಗಿದರೆ ಕೈ ತಡೆಯಬೇಕು, ಹಲಗೆ ಆನಿಸುವ ಪಟ್ಟಿ ಒಂದು ಕೂದಲು ವಾರೆಯಾದರೂ ಅದು ತಿರುಗಿಬೀಳುತ್ತದೆ, ಇವೆಲ್ಲ ಒಂದೊಂದಾಗಿ ತಿಳಿದವು. ಊಟಕ್ಕೆ ಕೂತರೆ ಅದೇ ಮಾತು. ಜೊವೆಲಿನ್ ಫೋನು ನೋಡುತ್ತ ಹೂಂ ಅನ್ನುತ್ತಿದ್ದಳು. ರೋಮೆಲ್ ಮಾತ್ರ ಕೇಳುತ್ತಿದ್ದ, ಕೊನೆಗೆ ಮೀಟರು ಎಷ್ಟು ಓಡಿತೆಂದು ಹೇಳುತ್ತಿದ್ದ.

ಮೊದಲ ಕುರ್ಚಿಗೆ ಬೆನ್ನು ಕೂರಿಸುವ ಮೊದಲೇ ಅದು ಕುಂಟಿತು. ಒಂದು ಕಾಲು ಉದ್ದ. ಅದನ್ನು ಕೊಯ್ದ. ಇನ್ನೊಂದು ಉದ್ದವಾಯಿತು. ಅದನ್ನೂ ಕೊಯ್ದ. ಹೀಗೆ ಎರಡು ದಿನ. ಮೂರನೆಯ ದಿನ ಅಲುಗಾಟ ನಿಂತಾಗ ಅದು ನೆಲದಿಂದ ಒಂದು ಗೇಣು ಎತ್ತರವಿತ್ತು.

"ಕುರ್ಚಿ ಮಾಡ್ತೀನಿ ಅಂತ ಮಣೆ ಮಾಡಿದಾನೆ" ಎಂದು ಮುದುಕಿ ಬೀದಿಯವರಿಗೆಲ್ಲ ಹೇಳಿದಳು.

ಮಣೆಯನ್ನು ಲೂದಿ ಒಲೆಯ ಮುಂದೆ ಹಾಕಿಕೊಂಡಳು. ಇಷ್ಟು ವರ್ಷ ಅವಳು ಕವುಚಿದ ಬಕೆಟ್ಟಿನ ಮೇಲೆ ಕೂತು ಗರಿ ಸುತ್ತುತ್ತಿದ್ದಳು. ಮಣೆಯ ಮೇಲೆ ಬೆನ್ನು ನೋಯಲಿಲ್ಲ. ಉಜ್ಜುವ ಮಷಿನ್ನಿನಲ್ಲಿ ಅವನು ಅದರ ಅಂಚುಗಳನ್ನು ಸಾಬೂನಿನ ಹಾಗೆ ನುಣುಪು ಮಾಡಿದ್ದ.

"ಹೇಗಿದೆ?" ಎಂದು ಕೇಳಿದ ಪರದೆಯ ಆಚೆಯಿಂದ.

"ಕೂತ್ಕೋಬಹುದು" ಎಂದಳು. ಅವನಿಗೆ ಅಷ್ಟು ಸಾಕಾಯಿತು. ಆ ದಿನವೆಲ್ಲ ಸಿಳ್ಳೆ ಹಾಕುತ್ತಿದ್ದ.

ಮರದ ಹುಡಿಯ ಜಗಳ ಶುರುವಾದದ್ದು ಆ ವಾರವೇ. ಶಾಲೆಯ ಟೀಚರಮ್ಮ ಒಬ್ಬಳು ಸಂತೆಯಲ್ಲಿ ಅರ್ಧ ತಿಂದ ಇಬೋಸ್ ವಾಪಸು ತಂದು ಮಂಕರಿಯ ಮೇಲಿಟ್ಟಳು. "ಲೂದಿ, ಸಕ್ಕರೆ ಅಂತ ಕಚ್ಚಿದೆ. ಮರ." ಪಕ್ಕದವರು ನಕ್ಕರು. ಲೂದಿ ಆ ದಿನದ ಮಂಕರಿಯನ್ನು ಹಾಗೆಯೇ ಎತ್ತಿಕೊಂಡು ಮನೆಗೆ ಬಂದು ಗರಗಸದ ಮೇಲೆ ಸುರಿದಳು.

"ತಿನ್ನು."

"ಏನೇ ಇದು?"

"ಎಲ್ಲಾ ತಿನ್ನು. ನಿನ್ನ ಹುಡಿ ಹಾಕಿ ಬೇಯಿಸಿದ್ದು. ನಾಳೆಯಿಂದ ಬಡಗಿಗಳಿಗೆ ಮಾರ್ತೀನಿ."

"ಪರದೆ ಹಾಕಿದೀನಲ್ಲ!"

"ಪರದೆಗೆ ನೀನೇ ತೂತು ಹೊಡೆದಿದೀಯ."

ಜಗಳ ಮಧ್ಯಾಹ್ನದ ಊಟದವರೆಗೂ ನಡೆಯಿತು. ಊಟಕ್ಕೆ ಒಣಮೀನು, ಟೊಮೇಟೊ, ಅನ್ನ. ಎಲಿಸೇಯೊ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗರಗಸದ ಮೇಲಿಟ್ಟುಕೊಂಡು ನಿಂತು ತಿಂದ. ಸಂಜೆ ರೋಮೆಲ್ ಹೊಸ ಟಾರ್ಪಾಲಿನ್ ತಂದು ಎರಡು ಪದರ ಕಟ್ಟಿದ. ಲೂದಿ ಅಕ್ಕಿಯ ಪಾತ್ರೆಗಳನ್ನೆಲ್ಲ ಮುಂದಿನ ಅಡಿಗೆಮನೆಗೆ ಸಾಗಿಸಿದಳು. ಎಂಟು ವರ್ಷ ಹೊಳೆಯುತ್ತಿದ್ದ ಟೈಲ್ಸಿನ ಮೇಲೆ ತೆಂಗಿನ ಹಾಲಿನ ಕಲೆ ಬಿತ್ತು. ಇನ್ನು ಹಿತ್ತಲಲ್ಲಿ ಅವಳಿಗೆ ಉಳಿದದ್ದು ಒಲೆ, ಹಂಡೆ, ಮಣೆ.

ಎರಡನೆಯ ಕುರ್ಚಿ ಚೆನ್ನಾಗಿ ಬರತೊಡಗಿತು. ಈ ಸಲ ಅವನು ಮೇಜಿನ ಬಳಿಯ ಕುರ್ಚಿಯೊಂದನ್ನು ತಲೆಕೆಳಗು ಮಾಡಿ ಅಳೆದ, ನಾಲ್ಕು ಕಾಲುಗಳನ್ನೂ ಒಟ್ಟಿಗೆ ಜೋಡಿಸಿ ಕೊಯ್ದ. ಕೂರುವ ಹಲಗೆ ಕೂರಿಸಿ ನೆಲದ ಮೇಲೆ ಇಟ್ಟಾಗ ಅಲುಗಲಿಲ್ಲ. ರೋಮೆಲ್ ಹತ್ತಿ ನಿಂತು ಕುಣಿದ. ಆಗಲೂ ಅಲುಗಲಿಲ್ಲ.

"ಬೆನ್ನು ಒಂದು ಬಾಕಿ" ಎಂದ ಎಲಿಸೇಯೊ. "ಸಂತರ ಹಬ್ಬದ ಊಟಕ್ಕೆ ನಾನು ಇದರ ಮೇಲೆ ಕೂತಿರ್ತೀನಿ."

"ಪ್ಲಾಸ್ಟಿಕ್ ಕುರ್ಚಿ ಏನ್ ಮಾಡೋಣ?" ಎಂದಳು ಜೊವೆಲಿನ್.

"ಅಂಗಳಕ್ಕೆ ಎಸಿ."

ಸಂತರ ಹಬ್ಬದ ಹಿಂದಿನ ದಿನ ಲೂದಿಗೆ ಎಂದಿಲ್ಲದಷ್ಟು ಕೆಲಸ. ಹಬ್ಬದ ದಿನ ತೀರಿಕೊಂಡವರ ಸಮಾಧಿಗೆ ಹೋಗುವವರು ಬುತ್ತಿ ಒಯ್ಯುತ್ತಾರೆ, ಬುತ್ತಿಯಲ್ಲಿ ಇಬೋಸ್ ಇರಲೇಬೇಕು. ಖಾಯಂ ಗಿರಾಕಿಗಳು ಹದಿನಾಲ್ಕು ಮನೆಯವರು ಮೊದಲೇ ಹೇಳಿಟ್ಟಿದ್ದರು. ಒಂದು ಹಂಡೆ ಬೆಂದು ಇಳಿದಿತ್ತು, ಇನ್ನೊಂದು ಒಲೆಯ ಮೇಲಿತ್ತು, ಮೂರನೆಯದಕ್ಕೆ ಅವಳು ಗರಿ ಸುತ್ತುತ್ತಿದ್ದಳು. ಹತ್ತು ಗಂಟೆ ದಾಟಿತು. ಪರದೆಯ ಆಚೆ ಎಲಿಸೇಯೊ ಅತ್ತಿಂದಿತ್ತ ಓಡಾಡುವುದು ಕೇಳಿಸುತ್ತಿತ್ತು. ಕುರ್ಚಿಯ ಬೆನ್ನಿಗೆ ಉದ್ದದ ಹಲಗೆ ಸೀಳಬೇಕು. ಆಚೆ ತುದಿ ಹಿಡಿಯುವ ರೋಮೆಲ್ ಮೀಟರ್ ಓದಲು ಹೋಗಿದ್ದ, ಜೊವೆಲಿನ್ ಅಂಗಡಿಯಲ್ಲಿದ್ದಳು.

"ಲೂದಿ."

"ಏನು?"

"ಐದು ನಿಮಿಷ ಬಾ. ಹಲಗೆ ಹಿಡಿ ಅಷ್ಟೆ."

"ಆಗಲ್ಲ. ಕೈಯೆಲ್ಲ ಅಕ್ಕಿ."

"ಹತ್ತು ಗಂಟೆ ಆಯ್ತು. ಇದು ನನ್ನ ಹೊತ್ತು."

"ಹೊತ್ತು ನಿನ್ನದು. ನಾನು ನಿನ್ನ ಖಲಾಸಿ ಅಲ್ಲ."

ಅವನು ಪರದೆ ಸರಿಸಿ ತಲೆ ಹಾಕಿದ. ಹೆಲ್ಮೆಟ್ಟು ಇತ್ತು. "ನಾಳೆ ಊಟಕ್ಕೆ ನಿನ್ನ ತಮ್ಮಂದಿರೆಲ್ಲ ಬರ್ತಾರೆ. ಅವರ ಮುಂದೆಯೂ ಬಾವಿಯೊಳಗೆ ಕೂರಿಸ್ತೀಯಾ?"

ಲೂದಿ ಗರಿ ಕೆಳಗಿಟ್ಟಳು. ಅವನನ್ನು ಸಾಗಹಾಕಿದರೆ ತನ್ನ ಕೆಲಸ ಮುಗಿಯುತ್ತದೆ ಅನ್ನಿಸಿತು. ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ಆಚೆ ಹೋದಳು. ಅಮ್ಮ ಮೆಟ್ಟಿಲ ಮೇಲೆ ಗರಿಯ ಕಡ್ಡಿ ಬಿಡಿಸುತ್ತ ಕೂತಿದ್ದಳು.

"ಗವಸು" ಎಂದ ಎಲಿಸೇಯೊ.

"ಹಲಗೆ ಹಿಡಿಯೋಕೆ ಗವಸ್ಯಾಕೆ? ಅದು ಹಾಕ್ಕೊಂಡ್ರೆ ಏನು ಹಿಡಿದಿದೀನಿ ಅಂತಲೇ ಗೊತ್ತಾಗಲ್ಲ."

"ಪರದೆಯ ಈಚೆ ಗವಸು. ನೀನಾದ್ರೂ ಅಷ್ಟೆ." ಅವನೇ ಮೊಳೆಯಿಂದ ಒಂದು ಜೊತೆ ತೆಗೆದು, ಅವಳ ಕೈ ಹಿಡಿದು, ಒಂದೊಂದೇ ಬೆರಳು ತೂರಿಸಿ ಹಾಕಿದ. ಅವಳ ಬೆರಳು ಮುಗಿದ ಮೇಲೂ ಗವಸಿನ ಬೆರಳು ಅರ್ಧ ಅಂಗುಲ ಖಾಲಿ ನೇತಾಡಿತು.

"ಅತ್ತೆ ನೋಡಿ, ನಿಮ್ಮ ಮಗಳು ಹಡಗು ಹತ್ತೋಕೆ ಹೊರಟಳು" ಎಂದ.

"ಹೋಗಲಿ ಬಿಡು. ಆಮೇಲೆ ದುಡ್ಡು ಕಳಿಸ್ತಾಳೆ" ಎಂದಳು ಮುದುಕಿ.

ಗರಗಸ ಶುರುವಾಯಿತು. ಅವನು ಈಚೆಯಿಂದ ತಳ್ಳಿದ, ಅವಳು ಆಚೆಯಿಂದ ಹಲಗೆಯ ತುದಿ ಹಿಡಿದು ಎಳೆದುಕೊಂಡಳು. ಹಲಗೆ ಸರಿಯಾಗಿಯೇ ಬಂತು. ಸೀಳು ನೇರವಾಗಿತ್ತು. ಕೊನೆಯ ಒಂದು ಗೇಣಿನಲ್ಲಿ ಹಲಗೆ ಎರಡಾಗಿ ಬಿಟ್ಟುಕೊಂಡಿತು, ಸಣ್ಣ ಪಟ್ಟಿ ಚಕ್ರದ ಕಡೆ ವಾಲಿತು. ಅದು ಬೀಳದಿರಲೆಂದು ಲೂದಿ ಬಲಗೈ ಚಾಚಿದಳು. ಗರಿ ಜಾರಿದರೆ ಹಿಡಿಯುವ ಹಾಗೆ. ಬೆರಳು ಚಕ್ರದಿಂದ ದೂರವೇ ಇತ್ತು. ಗವಸಿನ ಖಾಲಿ ತುದಿ ದೂರವಿರಲಿಲ್ಲ.

ಚಕ್ರ ಬಟ್ಟೆಯನ್ನು ಹಿಡಿಯಿತು, ಬಟ್ಟೆ ಕೈಯನ್ನು ಎಳೆಯಿತು. ದನಿ ಒಂದು ಚೂರು ತಗ್ಗಿತು. ಎಲಿಸೇಯೊ ಕಲಿತಿದ್ದ ಹಾಗೆಯೇ ಕೂಡಲೇ ಸ್ವಿಚ್ ಒತ್ತಿದ.

ಲೂದಿ ಮೊದಲು ಹೇಳಿದ್ದು, "ಒಲೆ ನೋಡಮ್ಮ, ನೀರು ಇಂಗುತ್ತೆ."

ಪಕ್ಕದ ಮನೆಯವನ ಮೋಟಾರು ಟ್ರೈಸಿಕಲ್ಲಿನಲ್ಲಿ ಹೆದ್ದಾರಿಯವರೆಗೆ, ಅಲ್ಲಿಂದ ಮೀನಿನ ವ್ಯಾನಿನಲ್ಲಿ ನಗರಕ್ಕೆ. ಎಲಿಸೇಯೊ ಅವಳ ಮೊಣಕೈಯ ಮೇಲೆ ಹಗ್ಗ ಬಿಗಿದಿದ್ದ. ಗಂಟು ಚೆನ್ನಾಗಿ ಕೂತಿತ್ತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ್ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ನೋಡಿದ.

"ಏನು ಮಷಿನ್?"

"ಗರಗಸ ಸರ್, ಮೇಜಿನದು. ಗವಸು ಹಾಕಿದ್ಲು ಸರ್" ಎಂದ ಎಲಿಸೇಯೊ. "ನಾನೇ ಹಾಕಿದ್ದೆ. ಸುರಕ್ಷತೆ ಎಲ್ಲಾ ಇತ್ತು."

ಡಾಕ್ಟರ್ ತಲೆಯೆತ್ತಿ ಅವನನ್ನು ನೋಡಿದ. "ಗವಸು ಹಾಕಿದ್ರಾ? ಅದಕ್ಕೇ" ಎಂದು ಮತ್ತೆ ಬಗ್ಗಿದ.

ಆ ಮಾತು ಲೂದಿಗೂ ಕೇಳಿಸಿತು.

ಸಂಜೆ ಜೊವೆಲಿನ್ ಬಂದು ಗುಳಿಗೆಗಳನ್ನು ಎಣಿಸಿದಳು, ಅತ್ತಳು, ಅಪ್ಪನ ಹತ್ತಿರ ಮಾತಾಡಲಿಲ್ಲ. ಮರುದಿನ ಹಬ್ಬಕ್ಕೆ ತಮ್ಮಂದಿರು ಬಂದವರು ಆಸ್ಪತ್ರೆಗೇ ಬಂದರು. ಹದಿನಾಲ್ಕು ಮನೆಗಳಲ್ಲಿ ಐದಕ್ಕೆ ಮಾತ್ರ ಇಬೋಸ್ ಸಿಕ್ಕಿತು, ಮೊದಲ ಹಂಡೆಯದು. ಎರಡನೆಯ ಹಂಡೆಯನ್ನು ಮುದುಕಿಗೆ ಇಳಿಸಲಾಗದೆ ಅದು ತಳ ಹಿಡಿದಿತ್ತು.

ಲೂದಿ ಮನೆಗೆ ಬಂದ ಮೇಲೆ ಊಟದ ಮೇಜಿನಲ್ಲಿ ಒಂದು ಬದಲಾವಣೆಯಾಯಿತು. ಕಟ್ಟು ಹಾಕಿದ ಕೈ ಕೆಳಗೆ ಬಿಟ್ಟರೆ ಸಿಡಿಯುತ್ತಿತ್ತು, ಊರಲು ಒಂದು ಆಧಾರ ಬೇಕಿತ್ತು. ಮರದ ಕುರ್ಚಿಗಳಿಗೆ ಕೈಗಳಿರಲಿಲ್ಲ, ಪ್ಲಾಸ್ಟಿಕ್ ಕುರ್ಚಿಗಿದ್ದವು. ಹೀಗಾಗಿ ಅವಳು ಅದರಲ್ಲಿ ಕೂತಳು. ಅವಳ ಕುರ್ಚಿ ಖಾಲಿಯಾಯಿತು. ಎಲಿಸೇಯೊ ಒಂದು ದಿನ ಗೋಡೆಗೊರಗಿ ನಿಂತು ಉಂಡ. ಎರಡನೇ ದಿನ ಮುದುಕಿ, "ಕೂರೋ, ನಿಂತು ನಿಂತು ಅನ್ನ ನುಂಗಿದ್ರೆ ಅವಳ ಬೆರಳು ಬರುತ್ತಾ?" ಎಂದಳು. ಅವನು ಕೂತ.

ಎಡಗೈಯಲ್ಲಿ ಚಮಚ ಹಿಡಿದ ಲೂದಿಗೆ ಮೇಜಿನ ಅಂಚು ಎದೆಗೆ ಬಂತು. ಬಾವಿಯೊಳಗಿಂದ ನೋಡಿದರೆ ಎಲ್ಲರೂ ಎತ್ತರದಲ್ಲಿದ್ದರು.

ಒಂದು ಬೆಳಿಗ್ಗೆ ಅವಳು ಹಂಡೆ ನೋಡಲೆಂದು ಹಿತ್ತಲಿಗೆ ಹೋದಳು. ಎಲಿಸೇಯೊ ಗರಗಸವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ. ರಕ್ತದ ಕಲೆಗಳು ಚೀಟಿಯ ಮೇಲೂ ಇದ್ದವು. ಒರೆಸಿದಲ್ಲಿ ಹಳೆಯ ಜಿಡ್ಡೂ ಎದ್ದು ಬಂದಿತ್ತು. ಅವನು ಕೈ ನಿಲ್ಲಿಸಿ ಕುಕ್ಕರುಗಾಲಲ್ಲಿ ಕೂತಿದ್ದ. ಲೂದಿ ಹತ್ತಿರ ಹೋಗಿ ಬಗ್ಗಿದಳು. ಗವಸಿನ ಚಿತ್ರದ ಸುತ್ತ ಒಂದು ಉಂಗುರ, ನಡುವೆ ಮೂಲೆಯಿಂದ ಮೂಲೆಗೆ ಒಂದು ಗೀಟು. ಎರಡೂ ತೊಳೆದ ಬಟ್ಟೆಯಲ್ಲಿ ಉಳಿದ ಎಲೆಯಡಿಕೆ ಕಲೆಯಷ್ಟು ತೆಳು, ಒಂದು ಕಾಲಕ್ಕೆ ಕೆಂಪಾಗಿದ್ದದ್ದು.

"ಏನದು?"

"ಗೀಟು."

"ಅಂದ್ರೆ?"

"ಹಾಕಬಾರದು ಅಂತ."

"ಮೊದಲೇ ಇತ್ತಾ?"

"ಇತ್ತು ಅನ್ಸುತ್ತೆ. ಕೆಂಪು ಬಿಸಿಲಿಗೆ ಬೇಗ ಹೋಗುತ್ತೆ. ಡೆಕ್ ಮೇಲೂ ಹಾಗೇ. ಕೆಂಪು ಬಣ್ಣಾನೇ ನಾವು ಪ್ರತಿ ವರ್ಷ ಮತ್ತೆ ಬಳೀತಿದ್ವಿ."

"ಅದು ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

ಲೂದಿ ನೆಟ್ಟಗಾದಳು. "ನಾಳೆ ಸಂತೆ" ಎಂದಳು. "ಅಕ್ಕಿ ನೆನೆಹಾಕು. ಗರಿ ಸುತ್ತೋಕೆ ಕೂತ್ಕೋ."

ಅವನು ಮಣೆಯ ಮೇಲೆ ಕೂತು ಗರಿ ಸುತ್ತಿದ. ಹಡಗಿನಲ್ಲಿ ಹಗ್ಗ ಕಟ್ಟಿ ಪಳಗಿದ ಕೈ, ಬೇಗ ಕಲಿತ. ಕೊಳವೆಗಳು ನೋಡಲು ಲೂದಿಯವುಗಳಿಗಿಂತ ನೆಟ್ಟಗಿದ್ದವು. ಆದರೆ ಬೆಂದ ಮೇಲೆ ಬಿಚ್ಚಿದರೆ ನಡುವೆ ಅಕ್ಕಿ ಹಾಗೇ ಇತ್ತು.

"ಬಿಗಿ ಜಾಸ್ತಿ" ಎಂದಳು ಮುದುಕಿ, ಕಚ್ಚಿ ಉಗಿದು. "ಅಕ್ಕಿಗೆ ಉಬ್ಬೋಕೆ ಜಾಗ ಬೇಡ್ವೇನೋ? ಹಡಗು ಕಟ್ಟೋದಲ್ಲ ಇದು."

"ಎಷ್ಟು ಬಿಗಿ ಇರ್ಬೇಕು?" ಎಂದು ಅವನು ಲೂದಿಯನ್ನು ಕೇಳಿದ.

ಲೂದಿ ಬಲಗೈ ಎತ್ತಿದಳು, ತೋರಿಸಲೆಂದು. ಕಟ್ಟು ನೋಡಿ ಇಳಿಸಿದಳು. "ಬಾಯಲ್ಲಿ ಹೇಳೋಕೆ ಬರಲ್ಲ" ಎಂದಳು.

ಕ್ರಿಸ್‌ಮಸ್ಸಿನ ಹೊತ್ತಿಗೆ ಅವನ ಇಬೋಸ್ ಬೇಯತೊಡಗಿದವು. ಕೆಲವು ಸೋರುತ್ತಿದ್ದವು, ಕೆಲವು ಗಂಟಾಗುತ್ತಿದ್ದವು. ಸಂತೆಗೆ ಮಂಕರಿ ಹೊತ್ತುಕೊಂಡು ಅವನೇ ಹೋಗುತ್ತಿದ್ದ, ಲೂದಿ ಹಿಂದೆ. ಜನ ಅವಳನ್ನು ಮಾತಾಡಿಸಿ ಕೈ ನೋಡುತ್ತಿದ್ದರು, ಆಮೇಲೆ ಪಕ್ಕದವಳ ಹತ್ತಿರ ಕೊಳ್ಳುತ್ತಿದ್ದರು. ಗರಗಸವನ್ನು ಮತ್ತೆ ಯಾರೂ ಶುರುಮಾಡಲಿಲ್ಲ. ಟಾರ್ಪಾಲಿನ್ ಹೊದಿಸಿ ಮೂಲೆಗೆ ಸರಿಸಿದರು. ಬೆನ್ನಿಲ್ಲದ ಕುರ್ಚಿಯ ಮೇಲೆ ಮುದುಕಿ ಗರಿಯ ಬುಟ್ಟಿ ಇಡುತ್ತಿದ್ದಳು. ಕಟ್ಟು ಬಿಚ್ಚಿದ ಮೇಲೂ ಲೂದಿ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಳು. ಎಲಿಸೇಯೊ ಒಂದು ಸಲ ಎದ್ದು ನಿಂತು, "ಇಲ್ಲಿ ಕೂತ್ಕೋ" ಎಂದ.

"ಬೇಡ, ಇರಲಿ" ಎಂದಳು. ಅವನು ಇನ್ನೊಂದು ಸಲ ಕರೆಯದೆ ಕೂತುಬಿಟ್ಟ.

ಹೋದದ್ದು ಇಷ್ಟು: ಬಲಗೈಯ ತೋರುಬೆರಳಲ್ಲಿ ಎರಡು ಗಿಣ್ಣು, ನಡುಬೆರಳಲ್ಲಿ ಒಂದು. ಹದಿನಾಲ್ಕು ಖಾಯಂ ಮನೆಗಳಲ್ಲಿ ಒಂಬತ್ತು. ಮುದುಕಿಯ ಆರು ಹಲಗೆಗಳಲ್ಲಿ ನಾಲ್ಕು. ಒಂದು ಹಂಡೆಯ ತಳ. ಒಂದು ಜೊತೆ ಕೈಗವಸಿನಲ್ಲಿ ಬಲಗೈಯದು.